ಓರಿನ್‌ನನ್ನು ಎಲ್ಲಿ ಇಡುವುದು

ಆ ವಾರ ನನ್ನ ಗಂಡ ಓರಿನ್ ಥರ್ಲೋ ಅಡುಗೆಮನೆಯ ಕಪಾಟಿನ ಮೇಲೆ, ಹಿಟ್ಟಿನ ಡಬ್ಬಿಯ ಪಕ್ಕದಲ್ಲಿದ್ದ. ಹಿತ್ತಾಳೆಯ ಚಿಕ್ಕ ಪೆಟ್ಟಿಗೆ. ಒಳಗೆ ಬೂದಿ. ಮುಂದಿನ ಕೋಣೆಯಲ್ಲಿ ಇಡೋಣ ಅಂದಳು ಮಗಳು ನೊಯೇಮಿಯ. ಮುಂದಿನ ಕೋಣೆಯಲ್ಲಿ ಅವನು ಯಾವತ್ತು ಕೂತಿದ್ದ? ಮನೆಯಲ್ಲಿದ್ದಷ್ಟು ದಿನವೂ ಅಡುಗೆಮನೆಯಲ್ಲೇ ಕೂತವನು. ಇಲ್ಲೇ ಇರಲಿ ಅಂದೆ.

ಗ್ರಾಟನ್ನಿನ ನೌಕಾನೆಲೆಯ ಕಟ್ಟೆಯಿಂದ ಮಂಗಳವಾರ ಒಂದು ಸಬ್‌ಮರೀನ್ ಹೊರಡುವುದಿತ್ತು. ಅದರ ಕ್ಯಾಪ್ಟನ್ ಫೋನ್ ಮಾಡಿದ. "ಮೇಡಂ, ಅವರನ್ನ ಕರ್ಕೊಂಡು ಹೋಗಿ ಸಮುದ್ರಕ್ಕೆ ಇಳಿಸೋದು ನಮಗೆ ಹೆಮ್ಮೆ. ಸೋಮವಾರದೊಳಗೆ ಹೂಂ ಅಂತಲೋ ಉಹೂಂ ಅಂತಲೋ ಹೇಳಿಬಿಡಿ" ಅಂದ.

ಓರಿನ್ ಕೇಳಿಕೊಂಡದ್ದೇ ಅದು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದಾಗ ಹೇಳಿದ. "ದೋಣಿ ಜೊತೆ ಕಳ್ಸು, ಇಡಾ. ನಿನ್ನ ಮನಸ್ಸು ಒಪ್ಪಿದ್ರೆ. ಒಪ್ಲಿಲ್ಲ ಅಂದ್ರೆ ಮಣ್ಣಿಗೆ ಹಾಕು. ನಾನೇನು ಎದ್ದು ಬಂದು ಜಗಳ ಆಡಲ್ಲ."

ನನ್ನ ಮನಸ್ಸು ಒಪ್ಪಲಿಲ್ಲ.

ನಾನು ಸ್ಟೋನಿಂಗ್ಟನ್ನಿನ ಪೋರ್ಚುಗೀಸ್ ಮೀನುಗಾರರ ಮನೆಯವಳು. ನನ್ನ ಅಣ್ಣ ಬೆಲ್ಮೀರೊ, ನನಗೆ ಮದುವೆಯಾಗುವ ಮೊದಲೇ, ಸಮುದ್ರದಲ್ಲಿ ದೋಣಿಯ ಸಮೇತ ಹೋದ. ಎಲ್ಲಿ ಹೋದ, ಯಾವ ದಿಕ್ಕಿನಲ್ಲಿ, ಯಾರಿಗೂ ತಿಳಿಯದು. ಒಂದು ಹಲಗೆಯೂ ದಡಕ್ಕೆ ಬರಲಿಲ್ಲ. ನವೆಂಬರಿನಲ್ಲಿ ಸತ್ತವರ ದಿನ ಬಂದರೆ ನಮ್ಮ ಹೆಂಗಸರೆಲ್ಲ ಬಕೆಟ್ಟು, ಬ್ರಷ್ಷು ಹಿಡಿದು ತಮ್ಮ ತಮ್ಮವರ ಗೋರಿ ತೊಳೆಯಲು ಹೋಗುತ್ತಿದ್ದರು. ಅಮ್ಮನೂ ಹೋಗುತ್ತಿದ್ದಳು. ಅವಳ ಮಗನಿಗೆ ಕಲ್ಲೇ ಇರಲಿಲ್ಲ. ಯಾರೂ ತೊಳೆಯದ, ಪಾಚಿ ಹಿಡಿದ ಬೇರೆಯವರ ಕಲ್ಲುಗಳನ್ನು ಹುಡುಕಿ ತೊಳೆದು ಬರುತ್ತಿದ್ದಳು. ಸಾಯುವ ತನಕ ಹಾಗೇ ಮಾಡಿದಳು. ನನ್ನವರು ಯಾರೇ ಸತ್ತರೂ ನನಗೆ ಗೊತ್ತಿರುವ ಜಾಗದಲ್ಲಿ ಇರಬೇಕು ಅಂತ ನಾನು ಚಿಕ್ಕವಳಿದ್ದಾಗಲೇ ಗಟ್ಟಿ ಮಾಡಿಕೊಂಡಿದ್ದೆ.

ಓರಿನ್‌ಗೆ ಸಮುದ್ರ ಹುಟ್ಟಿನಿಂದ ಬಂದದ್ದಲ್ಲ. ಅವನು ಮೇನ್ ರಾಜ್ಯದ ಒಳಗಿನ ಆಲೂಗಡ್ಡೆ ಬೆಳೆಯುವ ಕಡೆಯವನು. ನೌಕಾಪಡೆಗೆ ಸೇರುವ ತನಕ ಸಮುದ್ರವನ್ನೇ ನೋಡಿರಲಿಲ್ಲವಂತೆ. ನಾನು ಅವನನ್ನು ಮೊದಲು ಕಂಡದ್ದು ನಮ್ಮ ಪವಿತ್ರಾತ್ಮದ ಹಬ್ಬದಲ್ಲಿ. ಆ ದಿನ ನಮ್ಮ ಸಂಘದ ಮನೆಯಲ್ಲಿ ಬಂದವರಿಗೆಲ್ಲ ಊಟ. ಯಾರು, ಎತ್ತ ಅಂತ ಕೇಳುವ ಹಾಗಿಲ್ಲ. ದನದ ಮಾಂಸದ ಸಾರನ್ನು ಪುದೀನ ಹಾಕಿದ ರೊಟ್ಟಿಯ ಮೇಲೆ ಸುರಿದು ಕೊಡುತ್ತಾರೆ. ನಾನು ಆಗ ಮಖಮಲ್ಲಿನ ಗಿರಣಿಯಲ್ಲಿ ನೂಲು ಸುತ್ತುವ ಕೆಲಸದಲ್ಲಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಬ್ಬದ ದಿನ ಬಡಿಸಲು ನಿಂತಿದ್ದೆ. ಬಿಳಿ ಟೋಪಿಯ ಈ ಉದ್ದನೆಯ ಹುಡುಗ ತಟ್ಟೆ ಹಿಡಿದು ಮತ್ತೆ ಮತ್ತೆ ಬಂದ. ಅಪ್ಪ ಜಸಿಂಟೊ ಅವನನ್ನು ಎದುರಿಗೆ ಕೂರಿಸಿಕೊಂಡ.

"ಯಾವ ಹಡಗಪ್ಪಾ ನಿಂದು?"

"ಹಡಗಲ್ಲ ಸರ್, ದೋಣಿ. ಸಬ್‌ಮರೀನ್. ನಾವು ಅದನ್ನ ದೋಣಿ ಅಂತೀವಿ."

"ಅಂದ್ರೆ ಬೇಕು ಅಂತಲೇ ಮುಳುಗೋದು?"

"ಹೌದು ಸರ್."

"ಅದಕ್ಕೆ ಸಂಬಳ ಬೇರೆ ಕೊಡ್ತಾರಾ? ಅಯ್ಯೋ ಮಗನೇ! ನಾವು ಮುಳುಗಬಾರದು ಅಂತ ಜೀವಮಾನ ಎಲ್ಲಾ ಒದ್ದಾಡ್ತೀವಿ, ನೀನು ದುಡ್ಡು ಇಸ್ಕೊಂಡು ಮುಳುಗ್ತೀಯಾ?"

"ಮುಳುಗೋದಕ್ಕೆ ಯಾರೂ ದುಡ್ಡು ಕೊಡಲ್ಲ ಸರ್. ಮೇಲೆ ಬರೋದಕ್ಕೆ ಸಂಬಳ."

ಅಪ್ಪ ಮೇಜು ಬಡಿದು ನಕ್ಕ. "ಇವನಿಗೆ ಇನ್ನೊಂದ್ ತಟ್ಟೆ ಹಾಕೇ!" ಅಂದ. ಬೆಲ್ಮೀರೊ ಹೋದ ಮೇಲೆ ಅಪ್ಪ ಹಾಗೆ ನಕ್ಕದ್ದು ಅದೇ ಮೊದಲು. ನನ್ನ ತಮ್ಮ ಡುವಾರ್ಟೆ ಇನ್ನೂ ಚಡ್ಡಿ ಹಾಕುತ್ತಿದ್ದವನು, ಅವತ್ತೇ ಓರಿನ್‌ಗೆ 'ಆಲೂಗಡ್ಡೆ' ಅಂತ ಹೆಸರಿಟ್ಟ. ನಮ್ಮ ಮದುವೆ ಆದ ಮೇಲೆ 'ಆಲೂಗಡ್ಡೆ ಭಾವ' ಆಯಿತು. ಕೊನೆಯ ತನಕ ಅದೇ.

ಆಗಿನದು ಡೀಸೆಲ್ ದೋಣಿ. ಅದರ ನಾತ ಬಟ್ಟೆಗೆ, ಕೂದಲಿಗೆ, ಚರ್ಮಕ್ಕೆ ಹತ್ತಿಬಿಡುತ್ತಿತ್ತು. ಓರಿನ್ ಬಂದರೆ ಅಮ್ಮ ಬಾಗಿಲಲ್ಲೇ ತಡೆದು ಕೋಟು ಬಿಚ್ಚಿಸಿ ಹಿತ್ತಲಿನ ತಂತಿಗೆ ಹಾಕುತ್ತಿದ್ದಳು. "ನೋಡೇ, ನಿನ್ ಗಂಡನ ಕೋಟು ಕಂಡ್ರೆ ಕಡಲಹಕ್ಕಿನೂ ಹತ್ರ ಬರಲ್ಲ" ಅನ್ನುತ್ತಿದ್ದಳು. ಮೀನಿನ ನಾತದಲ್ಲೇ ಹುಟ್ಟಿ ಬೆಳೆದವಳ ಮಾತು ಅದು.

ಸಬ್‌ಮರೀನಿನವರಲ್ಲಿ ಒಂದು ಕಟ್ಟಳೆ. ಹೊಸಬ ಅಡುಗೆಯವನೇ ಆಗಲಿ, ಟಾರ್ಪಿಡೊ ನೋಡಿಕೊಳ್ಳುವವನೇ ಆಗಲಿ, ದೋಣಿಯ ಪ್ರತಿಯೊಂದು ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಪ್ರತಿಯೊಂದು ವಾಲ್ವ್ ಎಲ್ಲಿದೆ ಅಂತ ಕಲಿಯಬೇಕು. ಕತ್ತಲಲ್ಲೂ ಕೈಗೆ ಸಿಗಬೇಕು. ಹಳಬರು ಒಬ್ಬೊಬ್ಬರಾಗಿ ಕೇಳುತ್ತಾರೆ. ಎಲ್ಲರೂ ಒಪ್ಪಿದ ಮೇಲೆ ಎದೆಗೆ ಬೆಳ್ಳಿಯ ಡಾಲ್ಫಿನ್ ಬಿಲ್ಲೆ. ಅಲ್ಲಿಯ ತನಕ ಅವನು ಉಸಿರಾಡುವ ಗಾಳಿಯೂ ದಂಡ ಅನ್ನುತ್ತಾರೆ.

ಓರಿನ್ ನಮ್ಮ ಬಾಡಿಗೆ ಕೋಣೆಯಲ್ಲಿ ನನ್ನ ತಲೆವಸ್ತ್ರವನ್ನು ಕಣ್ಣಿಗೆ ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದ. ಉಪ್ಪು, ಚಾಕು, ಗ್ಯಾಸಿನ ಕೀಲಿ, ನಲ್ಲಿ. ನಾನು ಹೆಸರು ಹೇಳಬೇಕು, ಅವನು ತಡಕಾಡದೆ ಮುಟ್ಟಬೇಕು. ಬೇಕೆಂದೇ ನಾನು ಉಪ್ಪಿನ ಡಬ್ಬಿ ಬದಲಿಸಿ ಇಡುತ್ತಿದ್ದೆ. ಒಂದು ದಿನ ಅಮ್ಮ ಎಲೆಕೋಸಿನ ಸೂಪು ಹಿಡಿದು ಒಳಗೆ ಬಂದಳು.

"ಏನೇ ಇದು? ನಿನ್ ಗಂಡ ಕಣ್ಣಾಮುಚ್ಚಾಲೆ ಆಡ್ತಿದ್ದಾನಾ?"

"ಇಲ್ಲಮ್ಮ. ಓದ್ಕೋತಿದ್ದಾನೆ."

ಅಮ್ಮ ಸೂಪಿನ ಪಾತ್ರೆ ಇಟ್ಟು ಶಿಲುಬೆಯ ಗುರುತು ಮಾಡಿಕೊಂಡು ಹೋದಳು.

ಅವನು ಜಾಣ ಅಂತ ನಾನು ಹೇಳುವುದಿಲ್ಲ. ನಿಧಾನದವನು. ಆದರೆ ಒಮ್ಮೆ ಕಲಿತದ್ದು ಬಿಡುತ್ತಿರಲಿಲ್ಲ, ಕಲಿಯದ್ದನ್ನು ಕಲಿತೆ ಅನ್ನುತ್ತಿರಲಿಲ್ಲ. ಅದನ್ನು ಮೇಲಿನವರು ಗಮನಿಸಿದರು. ಅರವತ್ತಮೂರನೇ ಇಸವಿಯಲ್ಲಿ ಅವನನ್ನು ಅಧಿಕಾರಿಯಾಗಿ ಮಾಡುತ್ತೇವೆ ಅಂದರು. ಕೆಳಗಿನಿಂದ ಹತ್ತಿ ಅಧಿಕಾರಿ ಆಗುವವರು ಆಗ ಕಡಿಮೆ.

ಅದೇ ವಸಂತದಲ್ಲಿ ಒಂದು ದೊಡ್ಡ ದೋಣಿ ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಒಳಗಿದ್ದವರು ಒಬ್ಬರೂ ಉಳಿಯಲಿಲ್ಲ. ಗ್ರಾಟನ್ನಿನಲ್ಲಿ ಹೆಂಗಸರು ಏಪ್ರನ್ ಕಟ್ಟಿಕೊಂಡಿದ್ದ ಹಾಗೆಯೇ ಬೀದಿಗೆ ಬಂದು ನಿಂತರು. ಓರಿನ್‌ನ ಗೆಳೆಯರು ಅದರಲ್ಲಿದ್ದರು. ಅವನ ಜೊತೆ ಟಾರ್ಪಿಡೊ ಕೋಣೆಯಲ್ಲಿ ಮಲಗಿ ಎದ್ದವರು, ನಮ್ಮ ಮನೆಯಲ್ಲಿ ಊಟ ಮಾಡಿದವರು. ಅವನು ಅಡುಗೆಮನೆಯಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕಿದ. ಹಾಕಿದ್ದಕ್ಕೇ ಮತ್ತೆ ಹಾಕಿದ.

"ಬಿಟ್ಟುಬಿಡು" ಅಂದೆ ನಾನು. "ನೆಲದ ಮೇಲೆ ಏನಾದ್ರೂ ಕೆಲಸ ಮಾಡು. ಗಿರಣಿಗೆ ಬಾ. ನಾನು ಹೇಳಿ ಸೇರಿಸ್ತೀನಿ."

"ನಾನು ಬಿಟ್ರೆ ಆ ವಾಲ್ವ್‌ಗಳನ್ನ ಯಾರು ನೋಡ್ತಾರೆ?"

"ಇನ್ಯಾರೋ ನೋಡ್ತಾರೆ."

"ಅದೇ ಭಯ ನನಗೆ" ಅಂದ.

ಮತ್ತೆ ನಾನು ಆ ಮಾತು ಎತ್ತಲಿಲ್ಲ. ಅವನು ಅಧಿಕಾರಿಯಾದ. ಅಧಿಕಾರಿಗಳದು ಚಿನ್ನದ ಬಣ್ಣದ ಡಾಲ್ಫಿನ್. ಬೆಳ್ಳಿಯದನ್ನು ಬಿಚ್ಚಿಟ್ಟು ಅವನು ಎಲ್ಲವನ್ನೂ ಮೊದಲಿನಿಂದ ಕಲಿತು ಅದನ್ನು ಪಡೆದ. ಹಳೆಯ ಗೆಳೆಯ ಎಲ್‌ವುಡ್ ಬರ್ಡಿಕ್, ಕೆಳದರ್ಜೆಯವರ ಮೇಸ್ತ್ರಿಯಂಥವನು, ನಮ್ಮ ಮನೆಗೆ ಬಂದು ಬಾಗಿಲಲ್ಲೇ ಸೆಲ್ಯೂಟ್ ಹೊಡೆದ.

"ಸಾಹೇಬ್ರು ಒಳಗಿದ್ದಾರಾ?"

"ಇದ್ದಾರೆ. ಪಾತ್ರೆ ತೊಳೀತಿದ್ದಾರೆ."

"ಸಾಹೇಬ್ರಿಗೆ ನನ್ನ ನಮಸ್ಕಾರ ತಿಳಿಸಿ, ತಟ್ಟೆಯ ಹಿಂಭಾಗನೂ ಉಜ್ಜೋಕೆ ಹೇಳಿ."

ಅಧಿಕಾರಿಗಳ ಹೆಂಡತಿಯರ ಚಹಾಕೂಟಕ್ಕೆ ನಾನೂ ಹೋಗಬೇಕಾಯಿತು. ಕೈಗವಸು ಹಾಕಿಕೊಂಡು ಕೂತಿದ್ದರು. ಯಾವ ಕಾಲೇಜು ಅಂತ ಒಬ್ಬಳು ಕೇಳಿದಳು. ಮಖಮಲ್ಲಿನ ಗಿರಣಿ ಅಂದೆ. ಮನೆಗೆ ಬಂದು ಹೇಳಿದಾಗ ಓರಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಜೋರಾಗಿ ನಗುವುದು ಅಪರೂಪ. ದೋಣಿಯಲ್ಲಿ ಸದ್ದು ಮಾಡುವ ಹಾಗಿಲ್ಲ. ಹಿಂದಿರುಗಿದ ಮೊದಲ ವಾರ ಮನೆಯಲ್ಲೂ ಪಿಸುಮಾತು. ಕಪಾಟಿನ ಬಾಗಿಲನ್ನು ಬೆರಳಿನಿಂದ ತಳ್ಳಿ ಮುಚ್ಚುವನು. ಸ್ನಾನಕ್ಕೆ ಹೋದರೆ ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ ಮತ್ತೆ ನಲ್ಲಿ ಬಿಡುವನು. ನೊಯೇಮಿಯ ದೊಡ್ಡವಳಾಗಿ ಹೆಚ್ಚು ಹೊತ್ತು ಸ್ನಾನ ಮಾಡಿದರೆ ಬಾಗಿಲು ಬಡಿಯುವನು.

"ನೀರು!"

"ಅಪ್ಪಾ, ಇದು ಮನೆ! ನದಿ ಹೊರಗಡೆನೇ ಇದೆ!"

"ಅಭ್ಯಾಸ ತಪ್ಪಬಾರದು ಮಗಳೇ."

ಆಮೇಲೆ ಅಣುಶಕ್ತಿಯ ದೋಣಿಗಳು, ಕ್ಷಿಪಣಿ ಹೊತ್ತವು. ಒಂದೇ ದೋಣಿಗೆ ಎರಡು ತಂಡ. ಒಂದು ತಂಡ ಕೆಳಗೆ, ಇನ್ನೊಂದು ಮನೆಯಲ್ಲಿ. ಹೋದರೆ ತಿಂಗಳುಗಟ್ಟಲೆ ಮೇಲೆ ಬರುವುದಿಲ್ಲ. ಎಲ್ಲಿದ್ದಾರೆ ಅಂತ ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಮನೆಯವರು ಆಗಾಗ ಪುಟ್ಟ ಸಂದೇಶ ಕಳಿಸಬಹುದಿತ್ತು. ಕೆಲವೇ ಪದ. ನೌಕಾಪಡೆಯವರು ಓದಿ ರೇಡಿಯೊದಲ್ಲಿ ಕಳಿಸುತ್ತಿದ್ದರು. ಅಲ್ಲಿಂದ ಉತ್ತರ ಬರುವ ಹಾಗಿಲ್ಲ. ಉತ್ತರ ಬಂದರೆ ದೋಣಿ ಎಲ್ಲಿದೆ ಅಂತ ಶತ್ರುವಿಗೆ ತಿಳಿದೀತು. ಕೆಟ್ಟ ಸುದ್ದಿ ಬರೆಯುವ ಹಾಗೂ ಇಲ್ಲ. ಅಷ್ಟು ಆಳದಲ್ಲಿ ಕೆಟ್ಟ ಸುದ್ದಿ ಇಟ್ಟುಕೊಂಡು ಅವರು ಏನು ಮಾಡಿಯಾರು? ಹಾಗಾಗಿ ಎಲ್ಲ ಹೆಂಡತಿಯರೂ ಎಲ್ಲ ಚೆನ್ನಾಗಿದೆ ಅಂತಲೇ ಬರೆಯುತ್ತಿದ್ದೆವು. ಛಾವಣಿ ಸೋರಿದರೂ ಚೆನ್ನಾಗಿದೆ, ಮಗುವಿಗೆ ಜ್ವರ ಬಂದರೂ ಚೆನ್ನಾಗಿದೆ.

ನನ್ನ ಸಂದೇಶದಲ್ಲಿ ಅಪ್ಪನ ಬೈಗುಳ ಒಂದು ಇದ್ದೇ ಇರುತ್ತಿತ್ತು. ಅಪ್ಪ ಬಂದು ನಿಂತು ಹೇಳಿ ಬರೆಸುವನು. 'ಇನ್ನೂ ಮುಳುಗೇ ಇದ್ದೀಯಾ ಸೋಮಾರಿ' ಅಂತಲೋ, 'ಆಲೂಗಡ್ಡೆ ಮೊಳಕೆ ಬಂತಾ' ಅಂತಲೋ. ಒಂದು ಸಲ ಓರಿನ್ ಕೆಳಗಿದ್ದಾಗ ಅಪ್ಪ ಬಲೆ ಹೊಲಿಯುತ್ತ ಕೂತಲ್ಲೇ ಹೋಗಿಬಿಟ್ಟ. ನಾನು ಬರೆಯಲಿಲ್ಲ. ಹವೆ, ನೊಯೇಮಿಯಳ ಹಲ್ಲು, ಹಿತ್ತಲಿನ ಟೊಮೆಟೊ, ಅದನ್ನೇ ಬರೆದೆ.

ದೋಣಿ ಬಂದ ದಿನ ಕಟ್ಟೆಗೆ ಹೋದೆ. ಓರಿನ್ ಇಳಿದು ಬಂದು ಅಪ್ಪಿಕೊಳ್ಳುವ ಮೊದಲೇ ಕೇಳಿದ.

"ಮಾವ ಯಾವಾಗ ಹೋದ್ರು?"

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಯಾರೂ ಬೈಲಿಲ್ಲ."

ಅವನು ಅದನ್ನು ಒಳಗಿಟ್ಟುಕೊಂಡು ಉಳಿದ ವಾರಗಳನ್ನೆಲ್ಲ ದುಡಿದಿದ್ದ. ಕ್ಯಾಪ್ಟನ್‌ಗೂ ಹೇಳಿರಲಿಲ್ಲ. ಕಟ್ಟೆಯಿಂದ ನೇರ ಸ್ಮಶಾನಕ್ಕೆ ಹೋದೆವು. ಟೋಪಿ ತೆಗೆದು ಅಪ್ಪನ ಕಲ್ಲಿನ ಮುಂದೆ ನಿಂತು, "ಮೇಲೆ ಬಂದೆ ಸರ್" ಅಂದ.

ಆ ನವೆಂಬರಿನಲ್ಲಿ ಅಮ್ಮನ ಬಕೆಟ್ಟನ್ನು ಅವನು ಎತ್ತಿಕೊಂಡ. ನೌಕಾಪಡೆಯ ಲೆಫ್ಟಿನೆಂಟ್, ಹಳೆಯ ಸ್ವೆಟರ್ ಹಾಕಿಕೊಂಡು, ಗುರುತಿಲ್ಲದವರ ಗೋರಿಗಳ ಮುಂದೆ ಮಂಡಿಯೂರಿ ಉಜ್ಜಿದ. ಊರಲ್ಲಿದ್ದ ವರ್ಷಗಳಲ್ಲೆಲ್ಲ ಹೋದ. ಡುವಾರ್ಟೆ ಬೇಲಿಯ ಆಚೆಯಿಂದ ಕೂಗುವನು: "ಆಲೂಗಡ್ಡೆ ಭಾವ, ಗೋರಿಗೂ ಹಡಗಿನ ಡೆಕ್ಕಿಗೂ ವ್ಯತ್ಯಾಸ ಗೊತ್ತಿಲ್ವಾ ನಿಂಗೆ?" ಓರಿನ್ ಬ್ರಷ್ ಎತ್ತಿ ತೋರಿಸುವನು. "ಇನ್ನೊಂದಿದೆ, ಬಾ."

ನಿವೃತ್ತಿಯಾದ ಮೇಲೆ ಗ್ರಾಟನ್ನಿನ ತರಬೇತಿ ಶಾಲೆಯಲ್ಲಿ ಹೊಸಬರಿಗೆ ಕಲಿಸಿದ. ಕೊನೆಗೆ ಶ್ವಾಸಕೋಶ ಕೈಕೊಟ್ಟಿತು.

ಗಡುವಿನ ಹಿಂದಿನ ದಿನ, ಭಾನುವಾರ, ಪೂಜೆ ಮುಗಿಸಿ ಎಲ್ಲರೂ ನಮ್ಮ ಅಡುಗೆಮನೆಯಲ್ಲಿ ಸೇರಿದರು. ಡುವಾರ್ಟೆ, ಬರ್ಡಿಕ್, ನೊಯೇಮಿಯ. ಸಿಹಿರೊಟ್ಟಿ ಕೊಯ್ದು ಇಟ್ಟೆ. ಯಾರೂ ಮುಟ್ಟಲಿಲ್ಲ. ಡುವಾರ್ಟೆ ಈಗಲೂ ಮೀನಿಗೆ ಹೋಗುವವನು. ಅವನೇ ಮೊದಲು ಬಾಯಿ ತೆರೆದ.

"ಬೇಡ ಅಕ್ಕ. ಒಬ್ಬನ್ನ ಕೊಟ್ಟಿದ್ದೀವಿ, ಸಾಲ್ದಾ? ಕೇಳ್ದಾಗೆಲ್ಲ ಕೊಡೋಕೆ ಸಮುದ್ರ ಏನು ನಮ್ಮ ಬೀಗರಾ?"

"ಅಪ್ಪ ಕೇಳಿಕೊಂಡಿದ್ದು ಅದೇ, ಮಾವ" ಅಂದಳು ನೊಯೇಮಿಯ.

"ಸಾಯೋವಾಗ ಜನ ಏನೇನೋ ಕೇಳ್ತಾರೆ. ನಿಮ್ಮಜ್ಜಿ ಐಸ್‌ಕ್ರೀಮ್ ಕೇಳಿದ್ಲು."

"ಕೊಟ್ವಿ ತಾನೇ?" ಅಂದೆ.

ಬರ್ಡಿಕ್ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತಿದ್ದ. "ಒಂದು ಮಾತು ಹೇಳ್ತೀನಿ ಇಡಾ. ಇಷ್ಟು ವರ್ಷ ಹೇಳೋ ಹಾಗಿರಲಿಲ್ಲ. ಒಂದ್ಸಲ ಆಳದಲ್ಲಿದ್ದಾಗ ಪೈಪು ಒಡೀತು. ದೀಪ ಹೋಯ್ತು. ಅಷ್ಟು ಕೆಳಗೆ ನೀರು ಸುರಿಯಲ್ಲ, ಗುಂಡು ಹೊಡೆದ ಹಾಗೆ ಬರುತ್ತೆ. ಪಕ್ಕದವನ ಕೂಗು ಕೇಳಲ್ಲ. ನಾನು ಹೆದರಿ ನಿಂತುಬಿಟ್ಟೆ. ನಿನ್ನ ಗಂಡ ಓಡಲಿಲ್ಲ. ನಡ್ಕೊಂಡು ಹೋದ. ಕತ್ತಲಲ್ಲಿ ಕೈ ಚಾಚಿದ, ವಾಲ್ವ್ ಅಲ್ಲೇ ಇತ್ತು. ತಿರುಗಿಸಿ ನಿಲ್ಲಿಸಿದ. ಆಮೇಲೆ ಷರ್ಟು ಹಿಂಡ್ಕೊಂಡು ಕಾಫಿ ಕೇಳ್ದ."

ನಾನು ಬರ್ಡಿಕ್‌ನ ಮುಂದೆ ಕಾಫಿ ಇಟ್ಟೆ.

"ಅವತ್ತು ಕಾಫಿ ಕುಡೀತಾ ಹೇಳ್ದ. ಅರವತ್ತಮೂರರಲ್ಲಿ ಹೋದೋರಿಗೆ ಇಷ್ಟು ಹೊತ್ತೂ ಸಿಕ್ಕಿರಲ್ಲ, ಅವರು ಅಲ್ಲೇ ಇದ್ದಾರೆ, ನಾನು ಕೊನೆಗೆ ಅವರ ಕಡೆಗೇ ಹೋಗ್ತೀನಿ ಅಂತ. ಅವರೇ ಇರೋ ಜಾಗಕ್ಕೆ ಅಂತಲ್ಲ. ಅದೇ ನೀರಿಗೆ."

ಡುವಾರ್ಟೆ ಕಿಟಕಿಯ ಕಡೆ ತಿರುಗಿ ಕೂತ. "ಅವನು ಒಳ್ಳೆಯವನೇ. ನಾನೇನು ಅಲ್ಲ ಅಂದ್ನಾ? ಆದ್ರೆ ಬೆಲ್ಮೀರೊ ಎಲ್ಲಿದ್ದಾನೆ ಅಂತ ಅಮ್ಮ ಸಾಯೋವರೆಗೂ ಕೇಳಿದ್ಲು. ನಾಳೆ ಅಕ್ಕನೂ ಕೇಳ್ತಾಳೆ. ಯಾರು ಹೇಳ್ತಾರೆ?"

ನನ್ನ ಭಯವನ್ನೇ ಅವನು ಆಡಿದ್ದ. ನಾನು ಬರ್ಡಿಕ್‌ನನ್ನು ಕೇಳಿದೆ.

"ಎಲ್ಲಿ ಇಳಿಸ್ತಾರೆ ಅವನನ್ನ?"

"ಕ್ಯಾಪ್ಟನ್ ಜಾಗ ಆರಿಸ್ತಾರೆ. ಆಳ ಇರೋ ಕಡೆ."

"ಮನೆಯವರು ಜೊತೆಗೆ ಹೋಗಬಹುದಾ?"

"ಇಲ್ಲ."

"ಆಮೇಲಾದ್ರೂ ಹೇಳ್ತಾರಾ?"

"ಹೇಳ್ತಾರೆ. ನಕ್ಷೆ ಮೇಲೆ ಗುರುತು ಮಾಡಿ, ಅಕ್ಷಾಂಶ ರೇಖಾಂಶ ಬರೆದು, ಕ್ಯಾಪ್ಟನ್ ಸಹಿ ಹಾಕಿ ಹೆಂಡತಿಗೆ ಕಳಿಸ್ತಾರೆ. ಅದು ಕಟ್ಟಳೆ."

"ದೋಣಿ ಎಲ್ಲಿದೆ ಅನ್ನೋದು ಗುಟ್ಟಲ್ವಾ?"

"ದೋಣಿದು ಗುಟ್ಟು. ಸತ್ತವರದಲ್ಲ."

ನಾನು ಎದ್ದು ಹೋಗಿ ಸಿಂಕಿನ ಮುಂದೆ ನಿಂತೆ. ಮದುವೆಯಾದ ಮೇಲೆ ಅವನು ಎಲ್ಲಿದ್ದಾನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನೊಯೇಮಿಯ ಹುಟ್ಟಿದಾಗ ಎಲ್ಲಿದ್ದ? ಗೊತ್ತಿಲ್ಲ. ಅಪ್ಪ ಸತ್ತಾಗ? ಗೊತ್ತಿಲ್ಲ. ಯಾವ ಸಮುದ್ರ, ಯಾವ ಐಸಿನ ಕೆಳಗೆ, ಒಂದೂ ಗೊತ್ತಿಲ್ಲ. ಇದೊಂದು ಸಲ ನೌಕಾಪಡೆಯೇ ಸಹಿ ಹಾಕಿ ಹೇಳುತ್ತದೆ: ನಿನ್ನ ಗಂಡ ಇಲ್ಲಿದ್ದಾನೆ.

ಸೋಮವಾರ ಮೊದಲು ಪಾದ್ರಿಯನ್ನು ಕೇಳಿದೆ. ಬೂದಿ ಚೆಲ್ಲಬಾರದು, ಪೆಟ್ಟಿಗೆ ಮುಚ್ಚಿದ ಹಾಗೇ ಇಳಿಸಿದರೆ ಅಡ್ಡಿಯಿಲ್ಲ ಅಂದರು. ಆಮೇಲೆ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. "ಹೂಂ" ಅಂದೆ. "ಪೆಟ್ಟಿಗೆ ತೆರೀಬೇಡಿ. ಜಾಗ ಸರಿಯಾಗಿ ಬರೀರಿ. ಅಂದಾಜಿಗೆ ಬೇಡ."

ಮಂಗಳವಾರ ಬರ್ಡಿಕ್ ಪೆಟ್ಟಿಗೆ ಹಿಡಿದು ಕಟ್ಟೆಗೆ ಬಂದ. ದೋಣಿಯವರು ಸಾಲಾಗಿ ನಿಂತಿದ್ದರು. ಕ್ಯಾಪ್ಟನ್ ನನ್ನ ಮಗಳ ವಯಸ್ಸಿನವನು. ಎರಡೂ ಕೈಯಲ್ಲಿ ಪೆಟ್ಟಿಗೆ ತೆಗೆದುಕೊಂಡ.

"ನಮ್ಮ ಪ್ರಯಾಣ ಯಾವ ಕಡೆ ಅಂತ ಹೇಳೋ ಹಾಗಿಲ್ಲ ಮೇಡಂ."

"ಗೊತ್ತಪ್ಪ. ನೀವು ಎಲ್ಲಿಗಾದ್ರೂ ಹೋಗಿ. ಅವನನ್ನ ಎಲ್ಲಿ ಬಿಟ್ರಿ ಅಂತ ಹೇಳಿದ್ರೆ ಸಾಕು."

ಅವನಿಗೆ ನಗು ಬಂತು, ತಡೆದುಕೊಂಡ. ಡುವಾರ್ಟೆ ಬರುವುದಿಲ್ಲ ಅಂದಿದ್ದವನು ಬಂದು ದೂರದಲ್ಲಿ ಟ್ರಕ್ಕಿಗೆ ಒರಗಿ ನಿಂತಿದ್ದ. ದೋಣಿ ನದಿಯ ಬಾಯಿ ದಾಟುವ ತನಕ ಟೋಪಿ ಹಾಕಲಿಲ್ಲ.

ಅಪ್ಪ ಅಮ್ಮನ ಪಕ್ಕದಲ್ಲಿ ಒಂದು ಕಲ್ಲು ನಿಲ್ಲಿಸಿದ್ದೇವೆ. ಓರಿನ್ ಥರ್ಲೋ, ಸಬ್‌ಮರೀನಿನವನು ಅಂತ ಬರೆಸಿದೆ. ಕೆಳಗಿನ ಸಾಲು ಖಾಲಿ ಬಿಡು, ಅಲ್ಲಿಗೆ ಅಕ್ಷಾಂಶ ರೇಖಾಂಶದ ಅಂಕಿ ಬರುತ್ತದೆ ಅಂತ ಕಲ್ಲು ಕೆತ್ತುವವನಿಗೆ ಹೇಳಿದೆ.

ಎಲೆ ಉದುರುವ ಹೊತ್ತಿಗೆ ಬಂತು ನಕ್ಷೆ. ನನಗೆ ಓದಲು ಬರಲಿಲ್ಲ. ಬರೀ ನೀಲಿ, ಸಣ್ಣ ಸಣ್ಣ ಅಂಕಿ, ಒಂದು ಕಡೆ ಶಿಲುಬೆಯಂಥ ಗುರುತು. ಡುವಾರ್ಟೆಗೆ ಹೇಳಿ ಕಳಿಸಿದೆ. ಬಂದವನು ಕೈ ತೊಳೆದುಕೊಂಡು, ಮೇಜು ಒರೆಸಿ, ನಕ್ಷೆಯನ್ನು ಹರಡಿದ. ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ ಮೂಲೆಗಳಿಗೆ ಇಟ್ಟ. ಕನ್ನಡಕ ಹಾಕಿ ಬೆರಳು ಇಟ್ಟು ನೋಡಿದ.

"ಗೊತ್ತಾ ನಿಂಗೆ ಈ ಜಾಗ?" ಅಂದೆ.

"ಗೊತ್ತಿಲ್ದೆ ಏನು. ನಾವು ಬೊಂಡಾಸು ಮೀನು ಹಿಡಿಯೋಕೆ ಹೋಗೋ ದಾರಿಯ ಆಚೆ. ಇಲ್ಲಿ ನೆಲ ಇಳಿಜಾರಾಗುತ್ತೆ ಅಕ್ಕ. ತಳ ಬರೀ ಕೆಸರು, ಮೆತ್ತಗಿದೆ. ಬಂಡೆ ಇಲ್ಲ. ನಮ್ಮ ಬಲೆ ಅಷ್ಟು ಆಳ ಹೋಗಲ್ಲ, ಯಾರೂ ಎಳೆದು ಎಬ್ಬಿಸಲ್ಲ." ಕನ್ನಡಕ ತೆಗೆದು ಒರೆಸಿದ. "ಆ ಹುಡುಗ ಕ್ಯಾಪ್ಟನ್ ನೋಡೇ ಆರಿಸಿದ್ದಾನೆ. ಆಲೂಗಡ್ಡೆಗೆ ಒಳ್ಳೆ ಮಣ್ಣು."

ಇಬ್ಬರೂ ನಕ್ಕೆವು. ನಗುತ್ತಲೇ ನಾನು ಅತ್ತೆ.

"ಬರೋ ಬೇಸಿಗೆಗೆ ಆ ಕಡೆ ಹೋಗೋದಿದೆ" ಅಂದ ಅವನು. "ಸ್ವಲ್ಪ ಸುತ್ತು. ಬರ್ತೀಯಾ?"

ಮೀನುಗಾರನ ಮಗಳಾದರೂ ನನಗೆ ದೋಣಿ ಹತ್ತಿದರೆ ವಾಂತಿ. ಊರಿಗೆಲ್ಲ ಗೊತ್ತಿರುವ ಮಾತು. ಬರುತ್ತೇನೆ ಅಂದೆ.